ನಾಜಲ್ ತಾನೇ ಬದಲಾಗಲಿ: ಪಿಕ್ ಅಂಡ್ ಪ್ಲೇಸ್ ಮಷಿನ್‌ಗೊಂದು ಚೇಂಜರ್

ಮಲೆನಾಡಿನ ತೋಟಗಳಲ್ಲಿ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸುವುದು ಈಗ ಮಾಮೂಲಿ. ಜಗಲಿಯಲ್ಲಿ ಕೂತು ಒಂದು ಕಾಲ್ ಕೊಟ್ಟರೆ ಹೊಳೆ ಬದಿಯ ಮೋಟರು ಓಡುತ್ತದೆ. ತ್ರೀ ಫೇಸ್ ಬಂದರೆ ಮೆಸೇಜು ಬರುತ್ತದೆ. ಆ ಡಬ್ಬಿ ಬಿಚ್ಚಿ ನೋಡಿದರೆ ಒಳಗಿರುವುದು ಅಂಗೈ ಅಗಲದ ಒಂದು ಬೋರ್ಡು. ಅದರ ಮೇಲೆ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲದ ರೆಸಿಸ್ಟರ್‌ಗಳು ಡಜನ್‌ಗಟ್ಟಲೆ ಇರುತ್ತವೆ. ಅವುಗಳ ಪಕ್ಕದಲ್ಲೇ 7 ಮಿ.ಮೀ. ಚೌಕದ ಒಂದು ಮೈಕ್ರೋಕಂಟ್ರೋಲರ್. ಇನ್ನೊಂದು ಮೂಲೆಯಲ್ಲಿ 24 ಮಿ.ಮೀ. ಚೌಕದ, ತಗಡಿನ ಮುಚ್ಚಳ ಹೊದ್ದ, ಮೂರು ಗ್ರಾಂಗಿಂತ ಜಾಸ್ತಿ ತೂಗುವ, ಮೊಬೈಲ್ ಸಂಪರ್ಕ ಕೊಡುವ ಜಿಎಸ್‌ಎಂ ಮಾಡ್ಯೂಲು.

ಇಂಥ ಬೋರ್ಡನ್ನು ಶಿವಮೊಗ್ಗದಲ್ಲೇ ಕೂತು ತಿಂಗಳಿಗೆ ನೂರಿನ್ನೂರು ಮಾಡಬೇಕು ಅಂದುಕೊಳ್ಳಿ. ಚಿಮಟದಲ್ಲಿ ಒಂದೊಂದೇ ಪಾರ್ಟ್ ಎತ್ತಿ ಇಡುವುದಕ್ಕೆ ಕಣ್ಣೂ ಸಾಲದು, ಸಮಯವೂ ಸಾಲದು. ಆಗ ಬೇಕಾಗುವುದು ಪಿಕ್ ಅಂಡ್ ಪ್ಲೇಸ್ ಮಷಿನ್. ಕೆಲಸ ಸರಳ. ಒಂದು ಹೆಡ್ ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ಓಡಾಡುತ್ತದೆ. ಹೆಡ್ಡಿನ ತುದಿಯ ಸಣ್ಣ ಕೊಳವೆಯಲ್ಲಿ ಗಾಳಿ ಒಳಕ್ಕೆ ಹೀರುತ್ತಿರುತ್ತದೆ. ಆ ಹೀರುವಿಕೆಗೆ ರೀಲಿನಿಂದ ಪಾರ್ಟ್ ಅಂಟಿಕೊಳ್ಳುತ್ತದೆ. ಹೆಡ್ಡು ಅದನ್ನು ಬೋರ್ಡಿನ ಮೇಲೆ ಒಯ್ದು ಸೋಲ್ಡರ್ ಪೇಸ್ಟಿನ (ಬಿಸಿ ಮಾಡಿದಾಗ ಕರಗಿ ಪಾರ್ಟನ್ನು ಬೆಸೆಯುವ ಅಂಟಂಟು ಪದಾರ್ಥ) ಮೇಲಿಟ್ಟು ಹೀರುವುದನ್ನು ನಿಲ್ಲಿಸುತ್ತದೆ. ಆ ಕೊಳವೆಯೇ ನಾಜಲ್.

ತೊಂದರೆ ಇರುವುದು ಇಲ್ಲೇ. ರೆಸಿಸ್ಟರ್ ಎತ್ತುವ ನಾಜಲ್ ಜಿಎಸ್‌ಎಂ ಮಾಡ್ಯೂಲನ್ನು ಎತ್ತುವುದಿಲ್ಲ. ಮಾಡ್ಯೂಲ್ ಎತ್ತುವ ನಾಜಲ್ ರೆಸಿಸ್ಟರನ್ನು ನುಂಗಿಬಿಡುತ್ತದೆ. ಅಡಿಕೆ ತೋಟದ ಕಾರ್ಬನ್ ಫೈಬರ್ ದೋಟಿ ಗೊತ್ತಲ್ವಾ? ಅಡಿಕೆ ಗೊನೆ ಕೊಯ್ಯುವಾಗ ತುದಿಗೆ ಕತ್ತಿ, ಬೋರ್ಡೋ ದ್ರಾವಣ ಹೊಡೆಯುವಾಗ ಅದೇ ತುದಿಗೆ ಸ್ಪ್ರೇ ಗನ್. ಕೋಲು ಒಂದೇ, ಮೂತಿ ಬೇರೆ. ಮಷಿನ್ ಹೆಡ್ಡಿಗೂ ಅದೇ ಬೇಕು. ಆದರೆ ದೋಟಿಯ ಮೂತಿ ಬದಲಿಸಲು ಕೆಳಗೊಬ್ಬ ಮನುಷ್ಯ ಇರುತ್ತಾನೆ. ಇಲ್ಲಿ ಮಷಿನ್ ತಾನೇ ಹಳೆಯದನ್ನು ಕಳಚಿಟ್ಟು ಹೊಸದನ್ನು ಹಾಕಿಕೊಳ್ಳಬೇಕು. ಅದಕ್ಕಾಗಿ ಕಟ್ಟುವುದೇ ಚೇಂಜರ್.

ಒಂದೇ ನಾಜಲ್ ಯಾಕೆ ಸಾಲದು?

ಸ್ವಲ್ಪ ಲೆಕ್ಕ ಹಾಕೋಣ. ನಾಜಲ್ ಹಿಡಿಯುವ ಬಲ ಎಂದರೆ ತೂತಿನ ವಿಸ್ತೀರ್ಣವನ್ನು ಒಳಗಿನ-ಹೊರಗಿನ ಒತ್ತಡದ ವ್ಯತ್ಯಾಸದಿಂದ ಗುಣಿಸಿದಷ್ಟು. ಸಣ್ಣ ಪಂಪಿನಲ್ಲಿ 50 ಕಿಲೋಪ್ಯಾಸ್ಕಲ್ ವ್ಯತ್ಯಾಸ ಸಿಗುತ್ತದೆ ಎಂದಿಟ್ಟುಕೊಳ್ಳಿ. ತೂತು 0.4 ಮಿ.ಮೀ. ಇದ್ದರೆ ವಿಸ್ತೀರ್ಣ 0.126 ಚದರ ಮಿ.ಮೀ. ಬಲ ಸುಮಾರು 6 ಮಿಲಿನ್ಯೂಟನ್. ಅಂದರೆ ಮುಕ್ಕಾಲು ಗ್ರಾಂ ಕೂಡ ಎತ್ತಲಾಗದಷ್ಟು.

0603 ಸೈಜಿನ, ಅಂದರೆ ಮೇಲೆ ಹೇಳಿದ 1.6 ಮಿ.ಮೀ. ಉದ್ದದ ರೆಸಿಸ್ಟರ್ ತೂಗುವುದು ಎರಡು ಮಿಲಿಗ್ರಾಂ ಆಸುಪಾಸು. ಅದಕ್ಕೆ ಈ ಬಲ ಮುನ್ನೂರು ಪಟ್ಟು ಹೆಚ್ಚೇ ಆಯಿತು. ಜಿಎಸ್‌ಎಂ ಮಾಡ್ಯೂಲಿಗೆ ಬಂದರೆ ಎತ್ತುವ ಮಾತೇ ಇಲ್ಲ. ಈಗ ತೂತನ್ನು 3.2 ಮಿ.ಮೀ. ಮಾಡಿ. ವ್ಯಾಸ ಎಂಟು ಪಟ್ಟಾದರೆ ವಿಸ್ತೀರ್ಣ ಅರವತ್ನಾಲ್ಕು ಪಟ್ಟು. ಬಲ 0.4 ನ್ಯೂಟನ್, ಅಂದರೆ ನಲವತ್ತು ಗ್ರಾಂ ತೂಕದಷ್ಟು. ಮೂರು ಗ್ರಾಂ ಮಾಡ್ಯೂಲಿಗೆ ಇಷ್ಟು ಬೇಕಾ ಅನ್ನಿಸಬಹುದು. ಬೇಕು. ಹೆಡ್ಡು ಜೋರಾಗಿ ಹೊರಟು ಜೋರಾಗಿ ನಿಲ್ಲುತ್ತದೆ. ಆ ಎಳೆತದಲ್ಲಿ ಪಾರ್ಟ್ ಪಕ್ಕಕ್ಕೆ ಜಾರದಂತೆ ತಡೆಯುವುದು ಬರೀ ಘರ್ಷಣೆ. ಘರ್ಷಣೆ ಹಿಡಿತದ ಬಲದ ಒಂದು ಪಾಲು ಮಾತ್ರ. ಮಾಡ್ಯೂಲನ್ನು ನಡುವಿನಲ್ಲಿ ಹಿಡಿಯದೆ ಸ್ವಲ್ಪ ಅಂಚಿಗೆ ಹಿಡಿದರಂತೂ ಅದು ತಿರುಗಿಕೊಂಡುಬಿಡುತ್ತದೆ.

ಇಲ್ಲೊಂದು ಊರಿನ ಲೆಕ್ಕವೂ ಇದೆ. ಶಿವಮೊಗ್ಗ ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 6ರಷ್ಟು ಕಡಿಮೆ. ಪಂಪಿನ ಡಬ್ಬಿಯ ಮೇಲೆ 80 ಕಿಲೋಪ್ಯಾಸ್ಕಲ್ ಎಂದು ಬರೆದಿದ್ದರೆ ಇಲ್ಲಿ ಸಿಗುವುದು 75ರ ಹತ್ತಿರ. ತಲೆ ಕೆಡಿಸಿಕೊಳ್ಳುವಷ್ಟು ದೊಡ್ಡ ವಿಷಯವೇನಲ್ಲ. ಆದರೆ ಬೇರೆ ಊರಿನವರು ಸೆಟ್ ಮಾಡಿದ ವ್ಯಾಕ್ಯೂಮ್ ಅಂಕಿಗಳನ್ನು ಹಾಗೇ ಎತ್ತಿ ನಿಮ್ಮ ಮಷಿನ್‌ಗೆ ಹಾಕಬೇಡಿ.

ಇನ್ನು ದೊಡ್ಡ ತೂತಿನ ನಾಜಲ್ಲಿಂದ ಚಿಕ್ಕ ಪಾರ್ಟ್ ಎತ್ತಿದರೆ ಏನಾಗುತ್ತದೆ? 0.8 ಮಿ.ಮೀ. ಅಗಲದ ರೆಸಿಸ್ಟರು 1 ಮಿ.ಮೀ. ತೂತನ್ನು ಪೂರ್ತಿ ಮುಚ್ಚಲಾರದು. ಗಾಳಿ ಪಕ್ಕದಿಂದ ನುಗ್ಗುತ್ತದೆ, ಪಾರ್ಟ್ ಓರೆಯಾಗಿ ಅಂಟುತ್ತದೆ. ತೂತು ಇನ್ನೂ ದೊಡ್ಡದಾದರೆ ಪಾರ್ಟ್ ಸೀದಾ ಒಳಗೆ ಹೋಗಿ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಫಿಲ್ಟರ್ ಹಾಕಿರದಿದ್ದರೆ ವಾಲ್ವಿನಲ್ಲಿ.

ಹಾಗಾಗಿ ನಮ್ಮ ಸ್ಟಾರ್ಟರ್ ಬೋರ್ಡಿಗೆ ಕಡಿಮೆಯೆಂದರೂ ಮೂರು ನಾಜಲ್ ಬೇಕು: ರೆಸಿಸ್ಟರ್-ಕೆಪಾಸಿಟರ್‌ಗೊಂದು, ಮೈಕ್ರೋಕಂಟ್ರೋಲರಿನಂಥ ಮಧ್ಯಮ ಗಾತ್ರದ ಐಸಿಗೊಂದು, ಮಾಡ್ಯೂಲಿಗೊಂದು.

ಕೈಯಲ್ಲೇ ಬದಲಿಸಿದರೆ ಆಗಲ್ವಾ? ಖಂಡಿತ ಆಗುತ್ತದೆ. ಮೊದಲು ಎಲ್ಲ ಚಿಕ್ಕ ಪಾರ್ಟ್, ಆಮೇಲೆ ಮಷಿನ್ ನಿಲ್ಲಿಸಿ ನಾಜಲ್ ಬದಲಿಸಿ ಎಲ್ಲ ದೊಡ್ಡ ಪಾರ್ಟ್. ತಿಂಗಳಿಗೆ ಹತ್ತು ಬೋರ್ಡು ಮಾಡುವವರು ಚೇಂಜರ್ ಕಟ್ಟುವ ಗೋಜಿಗೇ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ಪ್ಯಾನೆಲ್ಲಿಗೆ (ಹಲವು ಬೋರ್ಡು ಒಟ್ಟಿಗಿರುವ ಹಾಳೆ) ಎರಡು ಮೂರು ಸಲ ಎದ್ದು ಹೋಗಬೇಕಾಗಿ ಬಂದಾಗ ಮಾತ್ರ ಇದು ಲಾಭ. ಒಬ್ಬರೇ ಕೂತು ಒಂದು ಕಡೆ ಮಷಿನ್ ಓಡಿಸುತ್ತ, ಇನ್ನೊಂದು ಕಡೆ ಸೋಲ್ಡರಿಂಗ್ ಮಾಡುವ ಚಿಕ್ಕ ವರ್ಕ್‌ಶಾಪಿನಲ್ಲಿ ಆ ಲಾಭ ಬೇಗ ಗೊತ್ತಾಗುತ್ತದೆ.

ನಾಜಲ್ ಕೊಳ್ಳಿ, ಗೂಡು ಮಾಡಿ

ಮೊದಲ ನಿರ್ಧಾರ ಸುಲಭ. ನಾಜಲ್ ಅನ್ನು ಸ್ವಂತ ಮಾಡಲು ಹೋಗಬೇಡಿ. 0.4 ಮಿ.ಮೀ. ತೂತು ನಡುವಿಗೆ ಸರಿಯಾಗಿ ಬರಬೇಕು, ತುದಿ ಮಟ್ಟಸವಾಗಿರಬೇಕು. ಊರಿನ ಒಳ್ಳೆಯ ಲೇತ್‌ನವರಿಗೂ ಇದು ಕಿರಿಕಿರಿಯ ಕೆಲಸ. ಜೂಕಿ ಕಂಪನಿಯ 500 ಸರಣಿಯ ಮಾದರಿ ಮತ್ತು ಸ್ಯಾಮ್‌ಸಂಗ್ ಸಿಪಿ40 ಮಾದರಿ, ಈ ಎರಡು ನಮೂನೆಯ ನಾಜಲ್ ಮತ್ತು ಅವು ಕೂರುವ ಹೋಲ್ಡರ್ ಸುಲಭವಾಗಿ ಸಿಗುತ್ತವೆ. ಸ್ವಂತ ಮಷಿನ್ ಕಟ್ಟುವವರು ಹೆಚ್ಚಾಗಿ ಬಳಸುವುದೂ ಇವನ್ನೇ. ತುಂಡು ಬೆಲೆಯೂ ಕೈಗೆಟಕುತ್ತದೆ, ಒಂದು ಹಾಳಾದರೆ ಇನ್ನೊಂದು ತರಿಸಬಹುದು.

ಹೋಲ್ಡರ್ ನಾಜಲ್ಲನ್ನು ಹಿಡಿದುಕೊಳ್ಳುವುದು ಸ್ಪ್ರಿಂಗ್ ಬಲದಿಂದ. ನಾಜಲ್ಲಿನ ಕತ್ತಿನಲ್ಲಿ ಒಂದು ಕಚ್ಚು ಇರುತ್ತದೆ. ಹೋಲ್ಡರಿನ ಸ್ಪ್ರಿಂಗ್ ಆ ಕಚ್ಚಿಗೆ ಬಂದು ಕೂರುತ್ತದೆ. ಒತ್ತಿದರೆ ‘ಟಿಕ್’ ಎಂದು ಕೂರುತ್ತದೆ, ಎಳೆದರೆ ಬಿಡುತ್ತದೆ. ಕೆಲವರು ಮ್ಯಾಗ್ನೆಟ್ಟಿನಿಂದ ಹಿಡಿಸುತ್ತಾರೆ. ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಗಾಳಿ ಸೋರದಂತೆ ಜೋಡಣೆಯ ಮುಖವನ್ನು ನಯ ಮಾಡಬೇಕು.

ಯಾವ ರೀತಿಯೇ ಇರಲಿ, ಹಿಡಿತದ ಬಲ ಒಂದು ಮಿತಿಯೊಳಗೇ ಇರಬೇಕು. ತೀರಾ ಕಡಿಮೆಯಾದರೆ ಹೆಡ್ಡು ಜೋರಾಗಿ ಮೇಲೆದ್ದಾಗ ನಾಜಲ್ಲೇ ಉದುರುತ್ತದೆ. ಅಥವಾ ಅಂಟಂಟು ಪೇಸ್ಟಿನಲ್ಲಿ ಸಿಕ್ಕಿ ಬೋರ್ಡಿನ ಮೇಲೇ ನಿಂತುಬಿಡುತ್ತದೆ. ತೀರಾ ಜಾಸ್ತಿಯಾದರೆ ಕಳಚುವಾಗ ನಿಮ್ಮ ಮೋಟರಿಗೆ ಎಳೆಯಲು ಆಗುವುದಿಲ್ಲ. ಈ ಬಲ ಎಷ್ಟಿದೆ ಎಂದು ಊಹಿಸುವ ಅಗತ್ಯವೇ ಇಲ್ಲ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದಕ್ಕೆ ನೂಲು ಕಟ್ಟಿ ನಾಜಲ್ಲನ್ನು ಎಳೆದು ನೋಡಿ. ಬಿಡುವ ಕ್ಷಣದ ಅಂಕಿ ಬರೆದಿಟ್ಟುಕೊಳ್ಳಿ. ಪ್ರತಿ ನಾಜಲ್ಲಿಗೂ ನೋಡಿ, ಯಾಕೆಂದರೆ ಒಂದೇ ಡಬ್ಬಿಯಲ್ಲಿ ಬಂದ ನಾಜಲ್ಲುಗಳೂ ಒಂದೇ ಥರ ಇರುವುದಿಲ್ಲ.

ಈಗ ಆ ಅಂಕಿಯನ್ನು ಮೋಟರಿನ ತಾಕತ್ತಿನ ಪಕ್ಕ ಇಟ್ಟು ನೋಡಬೇಕು. ಹೆಡ್ಡನ್ನು ಮೇಲೆ ಕೆಳಗೆ ಮಾಡುವ ಸ್ಟೆಪರ್ ಮೋಟರಿನ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರು) ಟಾರ್ಕ್, ಅಂದರೆ ತಿರುಗಿಸುವ ತಾಕತ್ತು, 0.1 ನ್ಯೂಟನ್ ಮೀಟರ್ ಇರಲಿ. ಅದಕ್ಕೆ ಹಲ್ಲಿಂದ ಹಲ್ಲಿಗೆ 2 ಮಿ.ಮೀ. ಅಂತರವಿರುವ ಬೆಲ್ಟಿನ 20 ಹಲ್ಲಿನ ಪುಲ್ಲಿ ಹಾಕಿದ್ದೀರಿ. ಒಂದು ಸುತ್ತಿಗೆ 40 ಮಿ.ಮೀ. ಚಲನೆ, ಪುಲ್ಲಿಯ ತ್ರಿಜ್ಯ ಸುಮಾರು 6.4 ಮಿ.ಮೀ. ಭಾಗಿಸಿದರೆ ಎಳೆಯುವ ಬಲ ಸುಮಾರು 15 ನ್ಯೂಟನ್, ಒಂದೂವರೆ ಕೆ.ಜಿ. ತೂಕದಷ್ಟು. ಇದು ನಿಂತಲ್ಲೇ ನಿಂತ ಮೋಟರಿನ ಲೆಕ್ಕ. ವೇಗ ಹೆಚ್ಚಿದಂತೆ ಸ್ಟೆಪರಿನ ಟಾರ್ಕ್ ಇಳಿಯುತ್ತದೆ. ಹೆಡ್ಡಿನ ಸ್ವಂತ ಭಾರ ಬೇರೆ. ಅರ್ಧಕ್ಕಿಂತ ಜಾಸ್ತಿ ನಂಬದಿರುವುದು ಒಳ್ಳೆಯದು. ಅಂದರೆ ನಾಜಲ್ ಕಳಚಲು ಏಳೆಂಟು ನೂರು ಗ್ರಾಂಗಿಂತ ಹೆಚ್ಚು ಬೇಕಾದರೆ ಮೋಟರೋ ಪುಲ್ಲಿಯೋ ಬದಲಾಗಬೇಕು. ಕಳಚುವ ಚಲನೆಯನ್ನು ಯಾವಾಗಲೂ ನಿಧಾನಕ್ಕೆ ಮಾಡಿಸುವುದೂ ಇದಕ್ಕೇ.

ಸ್ಟೆಪರ್ ಸೋತರೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಸುತ್ತಿಗೆ 200 ಹೆಜ್ಜೆ ಇಡುವ ಮೋಟರು ಹಿಡಿತ ತಪ್ಪಿದರೆ ಒಂದು ಹೆಜ್ಜೆ ಹಿಂದೆ ಬೀಳುವುದಿಲ್ಲ, ನಾಲ್ಕು ಹೆಜ್ಜೆ ಒಟ್ಟಿಗೆ ಹಿಂದೆ ಬೀಳುತ್ತದೆ. ಅದರ ಕಾಂತಕ್ಷೇತ್ರದ ಒಂದು ಆವರ್ತ ಅಷ್ಟು. ನಮ್ಮ ಪುಲ್ಲಿಯಲ್ಲಿ ನಾಲ್ಕು ಹೆಜ್ಜೆ ಎಂದರೆ 0.8 ಮಿ.ಮೀ. ಮಷಿನ್‌ಗೆ ಇದು ಗೊತ್ತೇ ಆಗುವುದಿಲ್ಲ. ತಾನು ಇರಬೇಕಾದ ಎತ್ತರದಲ್ಲೇ ಇದ್ದೇನೆ ಎಂದು ಅದು ಕೆಲಸ ಮುಂದುವರಿಸುತ್ತದೆ. ಆಮೇಲೆ ಇಡುವ ಪ್ರತಿ ಪಾರ್ಟನ್ನೂ 0.8 ಮಿ.ಮೀ. ಎತ್ತರದಿಂದ ಬೀಳಿಸುತ್ತದೆ, ಇಲ್ಲವೇ ಅಷ್ಟು ಆಳಕ್ಕೆ ಒತ್ತುತ್ತದೆ. ಅರ್ಧ ಮಿ.ಮೀ. ದಪ್ಪದ ರೆಸಿಸ್ಟರಿಗೆ ಇದು ಸಣ್ಣ ತಪ್ಪಲ್ಲ. ಅದಕ್ಕೇ ನಾಜಲ್ ಬದಲಾದ ಮೇಲೆ ಹೆಡ್ಡನ್ನು ಒಮ್ಮೆ ಮೇಲಿನ ಹೋಮ್ ಸ್ವಿಚ್ಚಿಗೆ (ಅಳತೆ ಶುರುವಾಗುವ ಜಾಗ ಗುರುತಿಸುವ ಸ್ವಿಚ್) ಮುಟ್ಟಿಸಿ ತರುವುದು ಒಳ್ಳೆಯದು. ಎರಡು ಸೆಕೆಂಡಿನ ಕೆಲಸ.

ಕವಲೋ, ಜಾರುವ ತಟ್ಟೆಯೋ

ಕಳಚಿದ ನಾಜಲ್ಲುಗಳನ್ನು ಇಡುವ ಗೂಡು ಮಾಡಲು ಮುಖ್ಯವಾಗಿ ಎರಡು ದಾರಿ ಇವೆ.

ಮೊದಲನೆಯದು ಕವಲು. ಒಂದು ತಟ್ಟೆಯ ಅಂಚಿನಲ್ಲಿ ‘ಯು’ ಆಕಾರದ ಸೀಳುಗಳು. ನಾಜಲ್ಲಿನ ನಡುವೆ ಒಂದು ಅಗಲವಾದ ಬಳೆ ಇರುತ್ತದೆ. ಹೆಡ್ಡು ನಾಜಲ್ ಸಮೇತ ಗೂಡಿನ ಮುಂದೆ ಬಂದು ಕೆಳಗಿಳಿಯುತ್ತದೆ. ಪಕ್ಕಕ್ಕೆ ಸರಿದು ಸೀಳಿನೊಳಗೆ ನುಗ್ಗುತ್ತದೆ. ಈಗ ಬಳೆ ತಟ್ಟೆಯ ಕೆಳಗಿದೆ, ಹೋಲ್ಡರ್ ತಟ್ಟೆಯ ಮೇಲಿದೆ. ಹೆಡ್ಡು ಮೇಲೇಳುತ್ತದೆ. ತಟ್ಟೆ ಬಳೆಯನ್ನು ತಡೆಯುತ್ತದೆ, ನಾಜಲ್ ಕಳಚಿ ಉಳಿಯುತ್ತದೆ. ಹಾಕಿಕೊಳ್ಳುವಾಗ ಇದರ ಉಲ್ಟಾ: ಮೇಲಿನಿಂದ ಇಳಿದು ಒತ್ತಿ, ‘ಟಿಕ್’ ಆದ ಮೇಲೆ ಪಕ್ಕಕ್ಕೆ ಸರಿದು ಹೊರಬರುವುದು.

ಇದರಲ್ಲಿ ಓಡಾಡುವ ಭಾಗ ಯಾವುದೂ ಇಲ್ಲ. ಮೋಟರಿಲ್ಲ, ವೈರಿಲ್ಲ. ಮೊದಲ ಸಲ ಕಟ್ಟುವವರಿಗೆ ನಾನು ಇದನ್ನೇ ಹೇಳುತ್ತೇನೆ. ತೊಂದರೆಗಳೂ ಇವೆ. ಹೆಡ್ಡಿಗೆ ಪಕ್ಕಕ್ಕೆ ಸರಿದು ಹೊರಬರಲು ಜಾಗ ಬೇಕು, ಹಾಗಾಗಿ ಗೂಡು ಜಾಸ್ತಿ ಜಾಗ ತಿನ್ನುತ್ತದೆ. ಸೀಳಿನೊಳಗೆ ನುಗ್ಗುವಾಗ ಸ್ವಲ್ಪ ಓರೆಯಾದರೂ ಹೋಲ್ಡರಿನ ಮೇಲೆ ಪಕ್ಕದ ಬಲ ಬೀಳುತ್ತದೆ. ಹೋಲ್ಡರ್ ಕೂತಿರುವುದು ತೆಳು ಟೊಳ್ಳು ಶಾಫ್ಟಿನ ಪುಟ್ಟ ಮೋಟರಿಗೆ. ಆ ಶಾಫ್ಟ್ ಬಾಗಿದರೆ ಕಥೆ ಮುಗಿಯಿತು. ಹಾಕಿಕೊಳ್ಳಲು ಒತ್ತುವಾಗ ಕೆಳಗೆ ಆಸರೆಯೂ ಬೇಕು. ಬರೀ ಸೀಳು ಮಾಡಿ ಕೆಳಗೆ ಆಸರೆ ಇಡದಿದ್ದರೆ ನಾಜಲ್ ಕೆಳಕ್ಕೆ ತಳ್ಳಿಹೋಗುತ್ತದೆ.

ಎರಡನೆಯದು ಜಾರುವ ತಟ್ಟೆ. ನಾಜಲ್ಲುಗಳು ಸಾಲಾಗಿ ಗುಂಡಿಗಳಲ್ಲಿ ಕೂರುತ್ತವೆ. ಅವುಗಳ ಮೇಲೊಂದು ತಗಡು. ತಗಡಿನಲ್ಲಿ ಪ್ರತಿ ಗುಂಡಿಗೂ ಬೀಗದ ಕಿಂಡಿಯ ಆಕಾರದ ತೂತು: ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ತಗಡು ಒಂದು ಕಡೆಗೆ ಜಾರಿದಾಗ ಅಗಲ ಭಾಗ ಗುಂಡಿಯ ಮೇಲೆ ಬರುತ್ತದೆ, ನಾಜಲ್ ಸಲೀಸಾಗಿ ಒಳಗೆ ಹೊರಗೆ ಹೋಗಬಹುದು. ಇನ್ನೊಂದು ಕಡೆಗೆ ಜಾರಿದಾಗ ಕಿರಿದಾದ ಭಾಗ ಬಳೆಯ ಮೇಲೆ ಕೂರುತ್ತದೆ, ನಾಜಲ್ ಸೆರೆ.

ಕಳಚುವಾಗ ತಗಡು ತೆರೆದಿರುತ್ತದೆ. ಹೆಡ್ಡು ನೆಟ್ಟಗೆ ಇಳಿಯುತ್ತದೆ. ತಗಡು ಮುಚ್ಚುತ್ತದೆ. ಹೆಡ್ಡು ನೆಟ್ಟಗೆ ಏಳುತ್ತದೆ. ಹಾಕಿಕೊಳ್ಳುವಾಗ ಹೆಡ್ಡು ಇಳಿದು ಒತ್ತಿದ ಮೇಲೆ ತಗಡು ತೆರೆಯುತ್ತದೆ. ಪಕ್ಕದ ಚಲನೆಯೇ ಇಲ್ಲದ್ದರಿಂದ ಶಾಫ್ಟಿಗೆ ಕ್ಷೇಮ. ಗುಂಡಿಗಳನ್ನು ಒತ್ತೊತ್ತಾಗಿ ಇಡಬಹುದು. ತಗಡು ಮುಚ್ಚಿದ್ದಾಗ ಮಷಿನ್ ಎಷ್ಟು ಅಲುಗಿದರೂ ನಾಜಲ್ ಹಾರಿ ಬೀಳುವುದಿಲ್ಲ.

ತಗಡನ್ನು ಸರಿಸಲು ಒಂದು ಚಿಕ್ಕ ಸರ್ವೋ ಮೋಟರ್ ಸಾಕು. ಕಂಪ್ರೆಸರ್ ಇದ್ದವರು ಗಾಳಿ ಸಿಲಿಂಡರ್ ಹಾಕುತ್ತಾರೆ. ಇವೆರಡೂ ಬೇಡವೆಂದರೆ ಹೆಡ್ಡಿಗೇ ಒಂದು ಕಡ್ಡಿ ಕಟ್ಟಿ ಅದರಿಂದ ತಗಡನ್ನು ತಳ್ಳಿಸುವುದೂ ಉಂಟು. ಆದರೆ ಕಳಚಲು ಇಳಿದ ಹೆಡ್ಡು ಅದೇ ಹೊತ್ತಿಗೆ ತಗಡನ್ನು ತಳ್ಳಲಾರದು, ಆದ್ದರಿಂದ ಒಂಟಿ ಹೆಡ್ಡಿನ ಮಷಿನ್‌ಗೆ ಈ ಉಪಾಯ ಕಷ್ಟ. ಸರ್ವೋ ಹಾಕುವವರು ಒಂದು ವಿಷಯ ನೆನಪಿಡಬೇಕು. ತಗಡು ಪೂರ್ತಿ ತೆರೆದಿದೆಯಾ, ಪೂರ್ತಿ ಮುಚ್ಚಿದೆಯಾ ಎಂದು ಹೇಳುವ ಸ್ವಿಚ್ ಎರಡೂ ತುದಿಯಲ್ಲಿ ಬೇಕು. ಸರ್ವೋಗೆ ಆಜ್ಞೆ ಕೊಟ್ಟಾಯಿತು ಅಂದ ಮಾತ್ರಕ್ಕೆ ತಗಡು ಸರಿಯಿತು ಎಂದಲ್ಲ.

ಗುಂಡಿಯ ಬಾಯಿ ಹೇಗಿರಬೇಕು ಅನ್ನುವುದಕ್ಕೆ ಯಾರೂ ಹೆಚ್ಚು ಗಮನ ಕೊಡುವುದಿಲ್ಲ. ನನ್ನ ಪ್ರಕಾರ ಇಡೀ ಚೇಂಜರಿನ ಹಣೆಬರಹ ಇರುವುದು ಇಲ್ಲಿ. ಬೆಲ್ಟಿನ ಮಷಿನ್ ಒಂದೇ ಜಾಗಕ್ಕೆ ಹತ್ತು ಸಲ ಬಂದರೆ ಹತ್ತೂ ಸಲ ಕೂದಲೆಳೆಯಷ್ಟು ಬೇರೆ ಬೇರೆ ಕಡೆ ನಿಲ್ಲುತ್ತದೆ. ಅದಕ್ಕೇ ಬಾಯಿಗೆ 45 ಡಿಗ್ರಿಯ ಇಳಿಜಾರು ಕೊಡಬೇಕು. ಆಗ ಸ್ವಲ್ಪ ಪಕ್ಕಕ್ಕೆ ಇಳಿದ ನಾಜಲ್ಲೂ ಜಾರಿಕೊಂಡು ನಡುವಿಗೆ ಬರುತ್ತದೆ. ಗುಂಡಿಯ ಗೋಡೆಗೂ ನಾಜಲ್ಲಿಗೂ ನಡುವೆ ಸುತ್ತ 0.1 ಮಿ.ಮೀ. ಸಡಿಲ ಇರಲಿ. ಬಿಗಿಯಾಗಿ ಕೂತರೆ ಚೆನ್ನ ಅನ್ನಿಸುತ್ತದೆ, ಆದರೆ ಬಿಗಿಯಾದದ್ದು ಸಿಕ್ಕಿಕೊಳ್ಳುತ್ತದೆ.

ಗುಂಡಿಯ ತಳಕ್ಕೆ ಒಂದು ಮೆದು ಸ್ಪ್ರಿಂಗ್ ಇಡಿ, ಇಲ್ಲವೇ ಇಡೀ ಗೂಡನ್ನೇ ನಾಲ್ಕು ಸ್ಪ್ರಿಂಗಿನ ಮೇಲೆ ಕೂರಿಸಿ. ನಾಜಲ್ ಖಂಡಿತ ‘ಟಿಕ್’ ಅನ್ನಬೇಕಾದರೆ ಹೆಡ್ಡು ಬೇಕಾದ್ದಕ್ಕಿಂತ ಅರ್ಧ ಮಿ.ಮೀ. ಹೆಚ್ಚು ಒತ್ತಬೇಕು. ತಳ ಗಟ್ಟಿಯಾಗಿದ್ದರೆ ಆ ಅರ್ಧ ಮಿ.ಮೀ.ಗೆ ಮೋಟರು ಹೆಜ್ಜೆ ತಪ್ಪುತ್ತದೆ. ಸ್ಪ್ರಿಂಗ್ ಇದ್ದರೆ ಅದು ನುಂಗಿಕೊಳ್ಳುತ್ತದೆ. ಸ್ಪ್ರಿಂಗಿನ ಬಲ ಮಾತ್ರ ‘ಟಿಕ್’ ಅನ್ನಿಸಲು ಬೇಕಾದ ಬಲಕ್ಕಿಂತ ಹೆಚ್ಚಿರಬೇಕು, ಮೋಟರಿನ ಬಲಕ್ಕಿಂತ ಕಡಿಮೆ ಇರಬೇಕು.

ಮಳೆಗಾಲಕ್ಕೆ ಯಾವ ಸಾಮಾನು?

ಗೂಡನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡುವುದು ಸುಲಭ. ಮೊದಲ ನಮೂನೆಗೆ ಪಿಎಲ್‌ಎ ಪ್ಲಾಸ್ಟಿಕ್ ಸಾಕು. ಆದರೆ ಪಿಎಲ್‌ಎ 60 ಡಿಗ್ರಿ ಹತ್ತಿರ ಮೆದುವಾಗುತ್ತದೆ. ಪೇಸ್ಟ್ ಕರಗಿಸುವ ರಿಫ್ಲೋ ಓವನ್ನಿನ ಮಗ್ಗುಲಲ್ಲೇ ಮಷಿನ್ ಇಟ್ಟರೆ, ಅಥವಾ ಶೀಟಿನ ಮಾಡಿನ ಕೆಳಗೆ ಏಪ್ರಿಲ್ ಬಿಸಿಲಿಗೆ ಬಿಟ್ಟರೆ, ವರ್ಷ ಕಳೆಯುವಷ್ಟರಲ್ಲಿ ಗುಂಡಿಗಳು ಸೊಟ್ಟಗಾಗಬಹುದು. ಪಿಇಟಿಜಿ ಇದಕ್ಕಿಂತ ವಾಸಿ.

ನೈಲಾನ್ ಗಟ್ಟಿ, ನುಣುಪು, ಸವೆಯುವುದೂ ಕಡಿಮೆ. ಬೇರೆ ಊರಿನವರು ಅದನ್ನು ಹೊಗಳುತ್ತಾರೆ. ನಮ್ಮಲ್ಲಿ ಅದು ಬೇಡ. ನೈಲಾನ್ ಗಾಳಿಯಲ್ಲಿನ ತೇವ ಹೀರಿ ಉಬ್ಬುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಹಾಸಿಗೆ, ಬಟ್ಟೆಯೇ ಥಂಡಿ ಹಿಡಿದಿರುತ್ತದೆ. ಆಗುಂಬೆಯಲ್ಲಂತೂ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ. ಮಾರ್ಚ್‌ನಲ್ಲಿ 0.1 ಮಿ.ಮೀ. ಸಡಿಲ ಕೊಟ್ಟ ನೈಲಾನ್ ಗುಂಡಿಯ ಅಳತೆ ಜುಲೈನಲ್ಲಿ ಬದಲಾಗಿದ್ದರೆ ಆಶ್ಚರ್ಯವಿಲ್ಲ.

ಖಾಯಂ ಗೂಡಿಗೆ ನನ್ನ ಆಯ್ಕೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯುಮಿನಿಯಂ. ಡೆಲ್ರಿನ್ ನೀರು ಹೀರುವುದು ತೀರಾ ಕಡಿಮೆ, ಲೇತಿನಲ್ಲೂ ಮಿಲ್ಲಿಂಗಿನಲ್ಲೂ ಬೆಣ್ಣೆಯ ಹಾಗೆ ಕುಯ್ಯುತ್ತದೆ. ಶಿವಮೊಗ್ಗದಲ್ಲಿ ಈ ಕೆಲಸಕ್ಕೆ ಅಲೆಯಬೇಕಾಗಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಇನ್ನು ಭದ್ರಾವತಿಯಲ್ಲಂತೂ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗಿನಿಂದ ಲೋಹದ ಕೆಲಸ ಗೊತ್ತಿದ್ದವರು ತಲೆಮಾರಿನಿಂದ ಇದ್ದಾರೆ. ಡ್ರಾಯಿಂಗ್ ಕೊಡುವಾಗ ಎಲ್ಲ ಅಳತೆಗೂ ಬಿಗಿ ಟಾಲರೆನ್ಸ್ ಬರೆಯಬೇಡಿ. ಬಿಗಿ ಬೇಕಾದ್ದು ಗುಂಡಿಯಿಂದ ಗುಂಡಿಗೆ ಇರುವ ದೂರಕ್ಕೂ ಅಲ್ಲ, ಅದನ್ನು ಕ್ಯಾಮೆರಾದಿಂದ ಆಮೇಲೆ ಅಳೆದುಕೊಳ್ಳಬಹುದು. ಬಿಗಿ ಬೇಕಾದ್ದು ಗುಂಡಿಯ ವ್ಯಾಸಕ್ಕೆ, ತಗಡು ಕೂರುವ ಎತ್ತರಕ್ಕೆ. ಸ್ಪ್ರಿಂಗ್, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಇರಲಿ. ಮಾಮೂಲಿ ಸ್ಪ್ರಿಂಗ್ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಆ ಪುಡಿ ನಾಜಲ್ ತೂತಿಗೆ ಹೋಗುತ್ತದೆ.

ಬದಲಾಯಿತು ಅಂತ ಮಷಿನ್‌ಗೆ ಹೇಗೆ ಗೊತ್ತು?

ಇಲ್ಲಿಯವರೆಗೆ ಹೇಳಿದ್ದು ಕೈಕಾಲಿನ ಕೆಲಸ. ಚೇಂಜರ್ ಕಟ್ಟಿದ ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಾಲ್ಕು ದಿನ ಚೆನ್ನಾಗಿ ಓಡುತ್ತದೆ. ಐದನೇ ದಿನ ಒಂದು ನಾಜಲ್ ಕಳಚದೆ ಹೆಡ್ಡಿನಲ್ಲೇ ಉಳಿಯುತ್ತದೆ. ಮಷಿನ್ ಅದರ ಸಮೇತ ಪಕ್ಕದ ಗುಂಡಿಗೆ ಹೋಗಿ ಅಲ್ಲಿ ಕೂತಿರುವ ನಾಜಲ್ಲಿನ ತಲೆಯ ಮೇಲೆ ಇಳಿಯುತ್ತದೆ. ಕಳಚುವುದು, ಹಾಕುವುದು ಕಷ್ಟದ ಭಾಗವೇ ಅಲ್ಲ. ಕಳಚಿತಾ, ಹಾಕಿತಾ ಎಂದು ಪ್ರತಿ ಸಲವೂ ತಿಳಿದುಕೊಳ್ಳುವುದರಲ್ಲೇ ಒಳ್ಳೆಯ ಚೇಂಜರಿಗೂ ಆಟಿಕೆಗೂ ಇರುವ ವ್ಯತ್ಯಾಸ.

ಓಪನ್‌ಪಿಎನ್‌ಪಿ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಸ್ವಂತ ಮಷಿನ್ ಕಟ್ಟುವವರು ಬಳಸುತ್ತಾರೆ. ಅದರಲ್ಲಿ ಪ್ರತಿ ನಾಜಲ್ಲಿಗೂ ನಾಲ್ಕು ಜಾಗ ಬರೆದಿಡಬಹುದು. ಗೂಡಿನ ಮೇಲೆ ಬರುವ ಜಾಗ, ಇಳಿಯುವ ಜಾಗ, ಸರಿಯುವ ಜಾಗ, ಹೊರಡುವ ಜಾಗ. ಒಂದರಿಂದ ಇನ್ನೊಂದಕ್ಕೆ ಹೋಗುವ ವೇಗವನ್ನೂ ಬೇರೆ ಬೇರೆ ಕೊಡಬಹುದು. ಹಾಕುವಾಗ ಈ ಕ್ರಮದಲ್ಲಿ, ಕಳಚುವಾಗ ಉಲ್ಟಾ ಕ್ರಮದಲ್ಲಿ. ನಡುವೆ ಸರ್ವೋ ಓಡಿಸುವುದಿದ್ದರೆ ಅದಕ್ಕೂ ಅವಕಾಶವಿದೆ. ಚಲನೆಯ ಭಾಗ ಇಷ್ಟೇ.

ಪರೀಕ್ಷೆಗೆ ಮೂರು ದಾರಿ. ಒಂದು, ಹೆಡ್ಡಿನ ಮೇಲೆ ಕೆಳಮುಖವಾಗಿರುವ ಕ್ಯಾಮೆರಾ. ಇಳಿಯುವ ಮುನ್ನ ಅದು ಗುಂಡಿಯನ್ನು ಇಣುಕಿ ನೋಡಲಿ. ಖಾಲಿ ಗುಂಡಿಯ ಚಿತ್ರ, ತುಂಬಿದ ಗುಂಡಿಯ ಚಿತ್ರ ಎರಡನ್ನೂ ಮೊದಲೇ ತೆಗೆದಿಟ್ಟಿದ್ದರೆ ಈಗಿನದು ಯಾವುದಕ್ಕೆ ಹೋಲುತ್ತದೆ ಎಂದು ತಂತ್ರಾಂಶ ಹೇಳುತ್ತದೆ. ಖಾಲಿ ಇರಬೇಕಾದ್ದು ತುಂಬಿದ್ದರೆ ಅಲ್ಲೇ ನಿಲ್ಲಬೇಕು. ಅದೇ ಕ್ಯಾಮೆರಾ ಗುಂಡಿ ಎಲ್ಲಿದೆ ಎಂದೂ ಅಳೆಯುವುದರಿಂದ ಗೂಡು ಒಂದಿಷ್ಟು ಅಲುಗಿದ್ದರೆ ಅದನ್ನೂ ಸರಿಪಡಿಸಿಕೊಳ್ಳುತ್ತದೆ.

ಎರಡನೆಯದು ನನಗೆ ಬಹಳ ಇಷ್ಟವಾದ ದಾರಿ, ಯಾಕೆಂದರೆ ಇದಕ್ಕೆ ಹೊಸ ಸಾಮಾನೇನೂ ಬೇಡ. ಪಾರ್ಟ್ ಎತ್ತಿದೆಯಾ ಎಂದು ನೋಡಲು ವ್ಯಾಕ್ಯೂಮ್ ಸೆನ್ಸರ್ ಹೇಗೂ ಇರುತ್ತದೆ. ಹೆಡ್ಡಿನಲ್ಲಿ ನಾಜಲ್ಲೇ ಇಲ್ಲದಿದ್ದರೆ ಗಾಳಿ ಸರಾಗವಾಗಿ ನುಗ್ಗುತ್ತದೆ, ಸೆನ್ಸರ್ ತೋರಿಸುವ ಹೀರುವಿಕೆ ತೀರಾ ಕಡಿಮೆ. ದೊಡ್ಡ ತೂತಿನ ನಾಜಲ್ ಹಾಕಿದರೆ ಸ್ವಲ್ಪ ಏರುತ್ತದೆ. 0.4 ಮಿ.ಮೀ. ನಾಜಲ್ ಹಾಕಿದರೆ ಬಹಳ ಏರುತ್ತದೆ, ಯಾಕೆಂದರೆ ಅಷ್ಟು ಚಿಕ್ಕ ತೂತಿನಲ್ಲಿ ಗಾಳಿ ನುಗ್ಗುವುದೇ ಕಷ್ಟ. ಹಾಗಾಗಿ ನಾಜಲ್ ಬದಲಾದ ಮೇಲೆ ಏನನ್ನೂ ಎತ್ತದೆ ಸುಮ್ನೆ ಪಂಪ್ ಹಾಕಿ ಅಂಕಿ ಓದಿದರೆ ಸಾಕು. ನಾಜಲ್ ಇದೆಯಾ, ಯಾವುದಿದೆ, ತೂತು ಕಟ್ಟಿಕೊಂಡಿದೆಯಾ ಎಲ್ಲ ಒಂದೇ ಅಂಕಿಯಲ್ಲಿ ಗೊತ್ತಾಗುತ್ತದೆ. ಪ್ರತಿ ನಾಜಲ್ಲಿಗೂ ಒಂದು ಮೇಲಿನ ಮಿತಿ, ಒಂದು ಕೆಳಗಿನ ಮಿತಿ ಬರೆದಿಡಿ. ಇದರ ಇನ್ನೊಂದು ಮುಖವೂ ಇದೆ. ಚಿಕ್ಕ ನಾಜಲ್ಲಿನಲ್ಲಿ ಖಾಲಿ ಇದ್ದಾಗಲೇ ಅಂಕಿ ಮೇಲಿರುವುದರಿಂದ, ಪಾರ್ಟ್ ಹಿಡಿದಾಗಿನ ಅಂಕಿಗೂ ಅದಕ್ಕೂ ವ್ಯತ್ಯಾಸ ಕಡಿಮೆ. ನಾಜಲ್ ಗುರುತಿಸಲು ಅನುಕೂಲವಾದ ಗುಣವೇ ಪಾರ್ಟ್ ಗುರುತಿಸಲು ತೊಡಕು.

ಮೂರನೆಯದು ಕೆಳಗಿನಿಂದ ಮೇಲೆ ನೋಡುವ ಕ್ಯಾಮೆರಾ. ಇದು ಬೇಕೇ ಬೇಕು, ಬೇರೆ ಕಾರಣಕ್ಕೆ. ಎಷ್ಟೇ ಚೆನ್ನಾಗಿ ಕೂತರೂ ನಾಜಲ್ಲಿನ ತುದಿ ತಿರುಗುವ ಅಕ್ಷದ ನಡುವಿಗೆ ಕೂರುವುದಿಲ್ಲ. 0.05 ಮಿ.ಮೀ. ಆಚೆ ಇದ್ದರೆ 180 ಡಿಗ್ರಿ ತಿರುಗಿಸಿದಾಗ ತುದಿ 0.1 ಮಿ.ಮೀ. ಸರಿದಿರುತ್ತದೆ. ಕಾಲುಗಳ ನಡುವೆ ಅರ್ಧ ಮಿ.ಮೀ. ಅಂತರವಿರುವ ಐಸಿಗೆ ಇದು ದೊಡ್ಡ ತಪ್ಪು. ಹಾಗಾಗಿ ಹೊಸ ನಾಜಲ್ ಹಾಕಿಕೊಂಡ ಹೆಡ್ಡು ಕ್ಯಾಮೆರಾದ ಮೇಲೆ ಬಂದು ಒಂದು ಸುತ್ತು ತಿರುಗುತ್ತದೆ. ತುದಿ ಬಿಡಿಸುವ ಪುಟ್ಟ ವೃತ್ತವನ್ನು ತಂತ್ರಾಂಶ ಅಳೆದು, ಆಮೇಲೆ ಪ್ರತಿ ಕೋನಕ್ಕೂ ಅಷ್ಟಷ್ಟು ಸರಿಪಡಿಸುತ್ತದೆ. ಪ್ರತಿ ಬದಲಾವಣೆಗೂ ಇದನ್ನು ಮಾಡಿಸಿದರೆ ಸಮಯ ಹೋಗುತ್ತದೆ. ಒಂದೇ ಹೋಲ್ಡರಿಗೆ ಒಂದೇ ನಾಜಲ್ ಪ್ರತಿ ಸಲ ಒಂದೇ ದಿಕ್ಕಿನಲ್ಲಿ ಕೂರುವ ಹಾಗಿದ್ದರೆ ದಿನಕ್ಕೊಮ್ಮೆ ಸಾಕು. ಅದಕ್ಕಾಗಿ ಕಳಚುವಾಗಲೂ ಹಾಕುವಾಗಲೂ ಹೆಡ್ಡಿನ ತಿರುಗು ಕೋನವನ್ನು ಸೊನ್ನೆಗೆ ತಂದೇ ಇಳಿಸಬೇಕು, ಮತ್ತು ಗುಂಡಿಯಲ್ಲಿ ಕೂತ ನಾಜಲ್ ತಾನಾಗಿ ತಿರುಗದಂತೆ ಬಳೆಗೆ ಒಂದು ಮಟ್ಟ ಅಂಚೋ ಸಣ್ಣ ಪಿನ್ನೋ ಇರಬೇಕು.

ಇನ್ನು ಕರೆಂಟು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವ ಸೀಮೆಯಲ್ಲಿ ಚೇಂಜರ್ ಕಟ್ಟುವವರು ಇದನ್ನು ಮೊದಲೇ ಯೋಚಿಸಬೇಕು. ಹೆಡ್ಡು ಗುಂಡಿಯೊಳಗೆ ಇಳಿದಿದ್ದಾಗ, ತಗಡು ಅರ್ಧ ಸರಿದಿದ್ದಾಗ ಕರೆಂಟು ಹೋದರೆ? ಮತ್ತೆ ಬಂದಾಗ ಕಂಪ್ಯೂಟರಿನ ಫೈಲಿನಲ್ಲಿ ‘ಹೆಡ್ಡಿನಲ್ಲಿ 2ನೇ ನಾಜಲ್ ಇದೆ’ ಎಂದು ಬರೆದಿರಬಹುದು, ನಿಜಕ್ಕೂ ಇಲ್ಲದಿರಬಹುದು. ಫೈಲನ್ನು ನಂಬಬಾರದು. ಮಷಿನ್ ಚಾಲೂ ಆದಾಗ ಮೊದಲ ಕೆಲಸ ಹೆಡ್ಡನ್ನು ನೆಟ್ಟಗೆ ಮೇಲಕ್ಕೆತ್ತುವುದು. ಪಕ್ಕಕ್ಕೆ ಒಂದು ಕೂದಲೆಳೆಯೂ ಸರಿಯುವ ಮುನ್ನ. ಹೋಮ್ ಮಾಡುವಾಗ ಮೊದಲು ಪಕ್ಕಕ್ಕೆ ಸರಿಯುವ ಮಷಿನ್ ಆದರೆ ಗೂಡೂ ಹೋಯಿತು, ಶಾಫ್ಟೂ ಹೋಯಿತು. ಆಮೇಲೆ ವ್ಯಾಕ್ಯೂಮ್ ಅಂಕಿ ಓದಿ ಹೆಡ್ಡಿನಲ್ಲಿ ಏನಿದೆ ಎಂದು ನೋಡಬೇಕು. ಆಮೇಲೆ ಕ್ಯಾಮೆರಾದಲ್ಲಿ ಎಲ್ಲ ಗುಂಡಿಗಳನ್ನೂ ಎಣಿಸಬೇಕು. ಮೂರು ನಾಜಲ್ಲಿನಲ್ಲಿ ಎರಡು ಗೂಡಿನಲ್ಲಿ, ಒಂದು ಹೆಡ್ಡಿನಲ್ಲಿ. ಲೆಕ್ಕ ಸರಿಬಂದರೆ ಮುಂದೆ. ಬರದಿದ್ದರೆ ಮನುಷ್ಯರನ್ನು ಕರೆಯಬೇಕು. ಯುಪಿಎಸ್ ಇದ್ದರೆ ಒಳ್ಳೆಯದೇ, ಆದರೆ ಯುಪಿಎಸ್ ಇದೆ ಎಂದು ಈ ಪರೀಕ್ಷೆ ಬಿಡಬೇಡಿ. ಬ್ಯಾಟರಿ ಕೈಕೊಡುವುದೂ ಮಳೆಗಾಲದಲ್ಲೇ.

ಎಲ್ಲ ಕಟ್ಟಿದ ಮೇಲೆ ಸೀದಾ ಬೋರ್ಡು ಹಾಕಬೇಡಿ. ಮೊದಲು ಪಾರ್ಟೇ ಇಲ್ಲದೆ ಬರೀ ನಾಜಲ್ ಬದಲಿಸುವ ಕೆಲಸವನ್ನು ರಾತ್ರಿಯಿಡೀ ಓಡಿಸಿ. ಎಲ್ಲಿ ನಿಂತಿತು, ಯಾವ ಗುಂಡಿಯಲ್ಲಿ ನಿಂತಿತು ಎಂದು ಬರೆಸಿ. ಒಂದೇ ಗುಂಡಿಯಲ್ಲಿ ಪದೇ ಪದೇ ನಿಂತರೆ ತಪ್ಪು ಆ ಗುಂಡಿಯದ್ದು. ಬೇರೆ ಬೇರೆ ಕಡೆ ನಿಂತರೆ ಹೆಡ್ಡಿನದ್ದೋ ಮೋಟರಿನದ್ದೋ. ನಡುನಡುವೆ ಬೇಕೆಂದೇ ಪ್ಲಗ್ ಕಿತ್ತು ನೋಡಿ. ಬೇಕೆಂದೇ ಒಂದು ನಾಜಲ್ಲನ್ನು ತಪ್ಪು ಗುಂಡಿಯಲ್ಲಿಟ್ಟು ಮಷಿನ್ ಹಿಡಿಯುತ್ತದೆಯಾ ನೋಡಿ. ಆಮೇಲೆ ಖಾಲಿ ಬೋರ್ಡಿನ ಮೇಲೆ ಪೇಸ್ಟಿನ ಬದಲು ಎರಡೂ ಕಡೆ ಅಂಟುವ ಟೇಪ್ ಹಚ್ಚಿ, ಪಾರ್ಟ್ ಇಡಿಸಿ, ಭೂತಗನ್ನಡಿಯಲ್ಲಿ ನೋಡಿ. ನಾಜಲ್ ಬದಲಾಗುವ ಮುನ್ನ ಇಟ್ಟ ಪಾರ್ಟು, ಬದಲಾದ ಮೇಲೆ ಇಟ್ಟ ಪಾರ್ಟು ಒಂದೇ ಸಾಲಿನಲ್ಲಿ ಕೂತಿದ್ದರೆ ಪೇಸ್ಟಿನ ಡಬ್ಬಿಯನ್ನು ಫ್ರಿಜ್ಜಿನಿಂದ ಹೊರಗಿಡಬಹುದು.